ಭಟ್ಟಿಯ ಲೆಕ್ಕದ ಪುಸ್ತಕ ಮತ್ತು ಐದು ರಾತ್ರಿ: ದಾವಣಗೆರೆಯ ಒಂದು ಪ್ರಕರಣ

ಹುಡುಗನಿಗೆ 23 ವರ್ಷ. ಬಿ.ಎ. ಮುಗಿಸಿದ್ದಾನೆ. ದಾವಣಗೆರೆಯಲ್ಲಿ ಮನೆಯವರದೇ ಒಂದು ಸಣ್ಣ ಮಂಡಕ್ಕಿ ಭಟ್ಟಿ ಇದೆ. ರಾತ್ರಿ ಭಟ್ಟಿ ಕೆಲಸ, ಬೆಳಿಗ್ಗೆ ಓಟ, ಹಗಲು ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದು. ಒಂದು ಮಂಗಳವಾರ ರಾತ್ರಿ ಅಪ್ಪ, ಅವ್ವ, ಅಕ್ಕ ಮೂವರೂ ಸೇರಿ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆತಂದರು. ಯಾರೂ ಇಲ್ಲದ ಕಡೆ ಜನ ಕಾಣುತ್ತಾರೆ. ಮೈಯೊಳಗೆ ಹುಳ ಹರಿಯುತ್ತದೆ. ಯಾರೋ ಹೆಸರು ಹಿಡಿದು ಬೈಯುತ್ತಾರೆ. ಕ್ಯಾಮೆರಾ ಇಟ್ಟಿದ್ದಾರೆ ಅಂತ ಹೊಟ್ಟಿನ ರಾಶಿ ಕೆದಕುತ್ತಾನೆ. ಮನೆಯವರು ಹೇಳಿದ್ದು ಇಷ್ಟು.

ನಾನು ಮನೋರೋಗ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆ. ಔಷಧಿ ಬರೆಯುವುದು ಡಾಕ್ಟರ ಕೆಲಸ. ಮನೆಯವರ ಹತ್ತಿರ ಕೂತು ಏನಾಯಿತು, ಯಾವಾಗ ಆಯಿತು, ಅದಕ್ಕೂ ಮುಂಚೆ ಏನಿತ್ತು ಅಂತ ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಇಂಥ ಹುಡುಗರು ಬಂದಾಗ ಎಲ್ಲರೂ ಮೊದಲು ಕೇಳುವುದು "ಏನು ಕಾಣುತ್ತೆ? ಏನು ಕೇಳುತ್ತೆ?" ಅಂತ. ನನಗೆ ಅದಕ್ಕಿಂತ ಮುಖ್ಯ ಅನಿಸುವ ಪ್ರಶ್ನೆ ಬೇರೆ: ಕೊನೆಯ ಸಲ ಚೆನ್ನಾಗಿ ಮಲಗಿದ್ದು ಯಾವತ್ತು? ಈ ಪ್ರಕರಣವನ್ನು ಬರೆಯುತ್ತಿರುವುದು ಆ ಪ್ರಶ್ನೆಗೋಸ್ಕರ. ಹುಡುಗನೂ ಮನೆಯವರೂ ಒಪ್ಪಿದ್ದಾರೆ. ಗುರುತು ಸಿಗುವಂಥ ಕೆಲವು ವಿವರ ಬದಲಾಯಿಸಿದ್ದೇನೆ.

ಬಂದಾಗ ಹೇಗಿದ್ದ

ಕುರ್ಚಿಯ ತುದಿಯಲ್ಲಿ ಕೂತಿದ್ದ. ಕಣ್ಣು ಕೆಂಪಗಿತ್ತು, ಪಾಪೆ ಅಗಲವಾಗಿತ್ತು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಬಾಯಲ್ಲಿ ಏನೂ ಇಲ್ಲದಿದ್ದರೂ ದವಡೆ ಅಗಿಯುತ್ತಲೇ ಇತ್ತು. ನಾಡಿ ನಿಮಿಷಕ್ಕೆ 128. ಬಿಪಿ 160/100. ಮೈ ಸ್ವಲ್ಪ ಬೆಚ್ಚಗಿತ್ತು, 99.8 ಡಿಗ್ರಿ. ಮುಂಗೈ ತುಂಬಾ ಉಗುರಿನಲ್ಲಿ ಕೆರೆದುಕೊಂಡ ಗಾಯ. ಎಡ ಮೊಣಕೈಯ ಒಳಭಾಗದಲ್ಲಿ ಸೂಜಿ ಚುಚ್ಚಿದ ಗುರುತುಗಳು, ಕೆಲವು ಹಳೆಯವು, ಕೆಲವು ಹೊಸವು.

ಜೇಬಿನಿಂದ ಒಂದು ಬೆಂಕಿಪೊಟ್ಟಣ ತೆಗೆದ. "ನೋಡ್ರಿ ಮೇಡಂ, ಯಾರೂ ನಂಬವಲ್ರು. ಇವೇ ಹುಳ" ಎಂದು ತೆರೆದು ಮೇಜಿನ ಮೇಲಿಟ್ಟ. ಒಳಗೆ ಒಣಗಿದ ಚರ್ಮದ ಸಿಪ್ಪೆ, ಭತ್ತದ ಹೊಟ್ಟಿನ ಎರಡು ಮೂರು ಚೂರು, ಬನಿಯನ್ನಿನ ಒಂದು ಎಳೆ ದಾರ ಇತ್ತು. ಡಾಕ್ಟರ್ ನಗಲಿಲ್ಲ. ಪೊಟ್ಟಣವನ್ನು ಬೆಳಕಿಗೆ ಹಿಡಿದು ನಿಧಾನವಾಗಿ ನೋಡಿ, ಮುಚ್ಚಿ ವಾಪಸ್ ಕೊಟ್ಟರು. ಮೈಮೇಲೆ ಹುಳ ಹರಿಯುತ್ತಿದೆ ಎಂದು ನಂಬಿದವರು ಹೀಗೆ ಸಾಕ್ಷಿ ಹಿಡಿದು ತರುವುದು ಮನೋರೋಗ ವಿಭಾಗದಲ್ಲಿ ಗೊತ್ತಿರುವ ಸಂಗತಿ. ಕೊಕೇನ್, ಆಂಫೆಟಮೈನ್ ಥರದ ಉತ್ತೇಜಕಗಳನ್ನು ತೆಗೆದುಕೊಂಡವರಲ್ಲಿ ಈ ಹುಳದ ದೂರು ಎದ್ದು ಕಾಣುತ್ತದೆ.

ಇವತ್ತು ಯಾವ ವಾರ, ಇದು ಯಾವ ಊರು, ಯಾರ ಜೊತೆ ಬಂದೆ ಎಂದರೆ ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟ. ನೂರರಿಂದ ಏಳೇಳು ಕಳೆಯುತ್ತಾ ಬಾ ಎಂದಾಗ 72ರವರೆಗೆ ತಪ್ಪಿಲ್ಲದೆ ಬಂದು, ಅಲ್ಲಿ ನಿಂತು, "ಅವರು ಕೇಳಿಸ್ಕೊಳ್ತಾ ಇದಾರೆ" ಎಂದ. ಇದು ಸಣ್ಣ ವಿಷಯ ಅನಿಸಬಹುದು. ಆದರೆ ಜ್ವರ ತಲೆಗೇರಿದಾಗ, ಕುಡಿತ ದಿಢೀರ್ ನಿಲ್ಲಿಸಿದಾಗ, ಸಕ್ಕರೆ ಇಳಿದಾಗ ಬರುವ ಗೊಂದಲದಲ್ಲಿ ಹೊತ್ತು, ಜಾಗ, ಜನ ಎಲ್ಲ ಕಲಸಿಹೋಗುತ್ತದೆ. ಇವನಿಗೆ ಅವೆಲ್ಲ ಸರಿಯಾಗಿ ಗೊತ್ತಿತ್ತು. ಇಲ್ಲದ್ದು ಕಾಣುತ್ತಿತ್ತು, ಕೇಳುತ್ತಿತ್ತು, ಅಷ್ಟೇ. ಕುಡಿತದ ಅಭ್ಯಾಸ ಇಲ್ಲ ಎಂದು ಅಕ್ಕ ಆಣೆ ಮಾಡಿ ಹೇಳಿದಳು. ಸಕ್ಕರೆ ಸರಿ ಇತ್ತು. ಇಸಿಜಿಯಲ್ಲಿ ಬಡಿತ ಜೋರು ಎನ್ನುವುದು ಬಿಟ್ಟರೆ ಬೇರೆ ತೊಂದರೆ ಇರಲಿಲ್ಲ. ಮಾದಕ ಪದಾರ್ಥ ಹುಡುಕುವ ಮೂತ್ರದ ಸ್ಟ್ರಿಪ್ ಪರೀಕ್ಷೆಯಲ್ಲಿ ಏನೂ ಬರಲಿಲ್ಲ. ಅಪ್ಪನಿಗೆ ಅಷ್ಟೇ ಸಾಕಾಯಿತು, "ನೋಡ್ರಿ, ನನ್ನ ಮಗ ಅಂಥೋನಲ್ಲ" ಅಂದರು. ಆ ಸ್ಟ್ರಿಪ್ ಹುಡುಕುವುದು ಕೆಲವೇ ಕೆಲವು ಪದಾರ್ಥಗಳನ್ನು. ಅದರಲ್ಲಿ ಬರಲಿಲ್ಲ ಅಂದಮಾತ್ರಕ್ಕೆ ಮೈಯಲ್ಲಿ ಏನೂ ಇಲ್ಲ ಅಂತ ಅಲ್ಲ.

ಮನೆಯಲ್ಲಿ ಮೂರು ಕಥೆ

ಅಪ್ಪನ ಪ್ರಕಾರ ಓದಿ ಓದಿ ತಲೆ ಕೆಟ್ಟಿದೆ. ಅವ್ವನ ಪ್ರಕಾರ ಭಟ್ಟಿ ಪಕ್ಕದ ಹುಣಸೆ ಮರದ ಕೆಳಗೆ ಸರಿರಾತ್ರಿ ಓಡಾಡಿ ಗಾಳಿ ಸೋಕಿದೆ. ಅಕ್ಕನಿಗೆ ಯಾರೋ ಏನೋ ಕುಡಿಸಿದ್ದಾರೆ ಅಂತ ಅನುಮಾನ. ಇದರ ಜೊತೆ ಇನ್ನೊಂದು ಮಾತು ಅರ್ಧ ದನಿಯಲ್ಲಿ ಹೊರಬಿತ್ತು. ಹುಡುಗನ ಸೋದರಮಾವನೊಬ್ಬ ಇದೇ ವಯಸ್ಸಿನಲ್ಲಿ ಒಬ್ಬನೇ ಮಾತಾಡಿಕೊಳ್ಳುತ್ತಾ, ಒಂದು ದಿನ ಮನೆ ಬಿಟ್ಟು ಹೋದವನು ತಿರುಗಿ ಬರಲಿಲ್ಲ. ಅವ್ವನ ನಿಜವಾದ ಭಯ ಅದೇ ಆಗಿತ್ತು. ಗಾಳಿ ಅಂದರೆ ಬಿಡಿಸಬಹುದು. ಅಣ್ಣನ ಕಾಯಿಲೆ ಮಗನಿಗೆ ಬಂದರೆ ಏನು ಮಾಡುವುದು?

ಆಸ್ಪತ್ರೆಗೆ ಬರುವ ಮುಂಚೆ ಅದೇ ಮಂಗಳವಾರ ಬೆಳಿಗ್ಗೆ ಉಕ್ಕಡಗಾತ್ರಿಗೆ ಹೋಗಿದ್ದರು. ಅವತ್ತು ಅಮಾವಾಸ್ಯೆ. ನಮ್ಮ ಕಡೆ ಇಂಥ ತೊಂದರೆ ಬಂದರೆ ಮೊದಲು ನೆನಪಾಗುವುದು ಹರಿಹರದ ಆಚೆ ತುಂಗಭದ್ರಾ ದಂಡೆಯ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಯೇ. ಹೋಗಿದ್ದಕ್ಕೆ ನಾನು ಯಾರನ್ನೂ ಬೈಯಲ್ಲ. ಬೈದು ಕಳಿಸಿದರೆ ಮುಂದಿನ ಸಲ ಆಸ್ಪತ್ರೆಗೆ ಬರುವುದನ್ನು ಬಿಡುತ್ತಾರೆಯೇ ಹೊರತು ಅಲ್ಲಿಗೆ ಹೋಗುವುದನ್ನು ಬಿಡಲ್ಲ. ಆ ಗದ್ದಲ ಮಾತ್ರ ಹುಡುಗನಿಗೆ ತಡೆಯಲಾಗಲಿಲ್ಲ. ಮೈಮೇಲೆ ಬಂದವರು ಕೂಗುವುದೆಲ್ಲ ತನ್ನ ಹೆಸರೇ ಅನಿಸಿತಂತೆ. ಹೊಳೆಯಲ್ಲಿ ಸ್ನಾನ ಮಾಡಿಸಲು ಅಂಗಿ ತೆಗೆಸಿದಾಗ, ಪಕ್ಕದಲ್ಲಿ ಸೊಸೆಯನ್ನು ಕರೆತಂದಿದ್ದ ಹಾವೇರಿ ಕಡೆಯ ಒಬ್ಬ ಹೆಂಗಸು ಅವನ ತೋಳು ನೋಡಿ ಅವ್ವನನ್ನು ಕೇಳಿದಳು: "ಯವ್ವಾ, ನಿಮ್ ಹುಡುಗಗ ಯಾವ ದವಾಖಾನ್ಯಾಗ ಇಂಜೆಕ್ಷನ್ ಮಾಡಿಸೀರಿ? ಇಷ್ಟು ತೂತು ಅದಾವಲ್ಲ!" ಅವ್ವನಿಗೆ ಅಲ್ಲಿಯವರೆಗೆ ಆ ಗುರುತುಗಳು ಕಂಡೇ ಇರಲಿಲ್ಲ. ಹುಡುಗ ತಿಂಗಳಿನಿಂದ ಮನೆಯಲ್ಲೂ ತುಂಬು ತೋಳಿನ ಟೀ ಶರ್ಟ್ ಹಾಕುತ್ತಿದ್ದ.

ಆಟೋ ನೇರ ಆಸ್ಪತ್ರೆಗೆ ಬಂದದ್ದು ಆ ಹೆಂಗಸಿನ ಪ್ರಶ್ನೆಯಿಂದ.

ಲೆಕ್ಕದ ಪುಸ್ತಕ

ಎಷ್ಟು ದಿನದಿಂದ ನಿದ್ದೆ ಇಲ್ಲ ಎಂದು ಕೇಳಿದರೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಅಪ್ಪ "ದಿನಾ ಮಲಗ್ತಾನಲ್ಲ" ಅಂದರು. ಅವ್ವ "ಒಂದೆರಡು ದಿನ ಕಮ್ಮಿ ಆಗಿರಬೇಕು" ಅಂದರು. ಹುಡುಗ ಒಮ್ಮೆ ಎರಡು ದಿನ ಎಂದ, ಒಮ್ಮೆ ಹತ್ತು ದಿನ ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ನಿದ್ದೆಗೆಟ್ಟವನಿಗೆ ಮೊದಲು ತಪ್ಪುವುದೇ ದಿನಗಳ ಲೆಕ್ಕ.

ಅಕ್ಕ ಭಟ್ಟಿಯ ಲೆಕ್ಕ ಬರೆಯುತ್ತಾಳೆ ಎಂದು ಗೊತ್ತಾದಾಗ ಪುಸ್ತಕ ತರಲು ಹೇಳಿದೆ. ಉದ್ದನೆಯ ರೂಲ್ಡ್ ಪುಸ್ತಕ. ಮೂಲೆಗಳು ಮಸಿಯಾಗಿದ್ದವು. ಪ್ರತಿ ರಾತ್ರಿಗೆ ಒಂದು ಸಾಲು: ತಾರೀಕು, ಎಷ್ಟು ಅಕ್ಕಿ ಇಳಿಸಿದ್ದು, ಎಷ್ಟು ಚೀಲ ಮಂಡಕ್ಕಿ ಆಯಿತು, ಒಲೆ ಮುಂದೆ ಯಾರು ಕೂತಿದ್ದರು. ಅವರ ಭಟ್ಟಿ ಹೊತ್ತಿಸುವುದು ರಾತ್ರಿ 2ಕ್ಕೆ. ಬೆಳಿಗ್ಗೆ 6ಕ್ಕೆ ಚೀಲ ಕಟ್ಟಿ ಮುಗಿಯಬೇಕು. ಬಿಸಿ ಮರಳಿನಲ್ಲಿ ಅಕ್ಕಿ ಸುರಿದು, ಅರಳಿದ ತಕ್ಷಣ ಜರಡಿಗೆ ಎತ್ತಬೇಕು. ಒಂದು ಗಳಿಗೆ ತಡವಾದರೆ ಕರಕಲು. ತೂಕಡಿಸುವವನು ಮಾಡುವ ಕೆಲಸವೇ ಅಲ್ಲ ಅದು.

ಬುಧವಾರ ರಾತ್ರಿ ಅಪ್ಪನ ಹೆಸರಿತ್ತು. ಅವತ್ತು ಹುಡುಗ ಮಲಗಿದ್ದ. ಗುರುವಾರ, ಶುಕ್ರವಾರ, ಶನಿವಾರ, ಭಾನುವಾರ, ನಾಲ್ಕೂ ಸಾಲಿನಲ್ಲಿ ಅವನ ಹೆಸರು. ಶನಿವಾರ ಕೆಲಸದಾಳು ಬಂದಿರಲಿಲ್ಲ. ಆದರೂ ಇಬ್ಬರು ಕೂತಾಗ ಆಗುವಷ್ಟೇ ಚೀಲ ಆಗಿದ್ದವು. ಅಕ್ಕ ಆ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಟಿಕ್ ಹಾಕಿದ್ದಳು. ಯಾಕೆ ಎಂದೆ. "ಶಭಾಷ್ ಅಂತ ಹಾಕಿದ್ದೆ ಮೇಡಂ" ಅಂದಳು.

ಉಳಿದ ಹೊತ್ತು ಫೋನಿನಲ್ಲಿ ಸಿಕ್ಕಿತು. ರಾತ್ರಿ 10ರಿಂದ ಒಂದೂವರೆವರೆಗೆ ಸಾಮಾನ್ಯ ಜ್ಞಾನದ ವಿಡಿಯೋಗಳು. ಬೆಳಿಗ್ಗೆ 6ಕ್ಕೆ ಹೈಸ್ಕೂಲ್ ಮೈದಾನದಲ್ಲಿ ಓಟ. ಆಮೇಲೆ ಕೋಚಿಂಗ್. ಮೊದಲೆಲ್ಲ ಮಧ್ಯಾಹ್ನ 12ರಿಂದ 4ರವರೆಗೆ ಮಲಗುತ್ತಿದ್ದ. ಅವನಿಗೆ ಇದ್ದ ನಿದ್ದೆ ಎಂದರೆ ಅದು, ಜೊತೆಗೆ ಭಟ್ಟಿ ಪಾಳಿ ಇಲ್ಲದ ರಾತ್ರಿಗಳು. ದೈಹಿಕ ಪರೀಕ್ಷೆಯ ತಾರೀಕು ಬಂದ ಮೇಲೆ ಆ ನಾಲ್ಕು ಗಂಟೆಯೂ ಜಿಮ್‌ಗೆ ಹೋಯಿತು. ಪುರುಷ ಅಭ್ಯರ್ಥಿಗಳು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಿ ಮುಗಿಸಬೇಕು. ಅವನ ಓಟ ಏಳು ನಿಮಿಷಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ.

ಪುಸ್ತಕ, ಫೋನು ಎರಡನ್ನೂ ಇಟ್ಟುಕೊಂಡು ಒಂದು ಹಾಳೆಯಲ್ಲಿ ಗೆರೆ ಎಳೆದೆ. ಗುರುವಾರ ಬೆಳಿಗ್ಗೆ ಎದ್ದವನು ಮಂಗಳವಾರ ರಾತ್ರಿ ನಮ್ಮ ಹತ್ತಿರ ಬಂದಿದ್ದಾನೆ. ನಡುವೆ ಐದು ರಾತ್ರಿ. ಅಲ್ಲಲ್ಲಿ ಅರ್ಧ ಗಂಟೆ, ಮುಕ್ಕಾಲು ಗಂಟೆ ಕೂತಲ್ಲೇ ಜೋಂಪು ಹತ್ತಿರಬಹುದು. ಮಲಗಿದ್ದಂತೂ ಇಲ್ಲ. ಹಾಳೆ ತೋರಿಸಿದಾಗ ಅಪ್ಪ ಬಹಳ ಹೊತ್ತು ನೋಡಿದರು. "ಹಂಗಾದ್ರೆ ಎಚ್ಚರ ಹೆಂಗಿದ್ದ?" ಎಂದು ಅವರೇ ಕೇಳಿದರು. ಆ ಪ್ರಶ್ನೆ ಮನೆಯವರ ಬಾಯಿಂದಲೇ ಬಂದದ್ದು ಒಳ್ಳೆಯದಾಯಿತು.

ಬಿಪಿ ಇಂಜೆಕ್ಷನ್

ಹುಡುಗ ಆ ಹೊತ್ತಿನಲ್ಲಿ ಬಾಯಿ ಬಿಡಲಿಲ್ಲ. ಅವನ ಜೊತೆ ಜಿಮ್‌ಗೆ ಹೋಗುವ ಒಬ್ಬ ಗೆಳೆಯ ಬಾಗಿಲ ಹತ್ತಿರ ನಿಂತಿದ್ದ. ಅವನನ್ನು ಹೊರಗೆ ಕರೆದು ಕೇಳಿದೆ. "ಅದು ಡ್ರಗ್ಸ್ ಅಲ್ಲ ಮೇಡಂ. ಬಿಪಿ ಇಂಜೆಕ್ಷನ್ ಅಷ್ಟೇ. ಆಸ್ಪತ್ರೇಲೇ ಕೊಡ್ತಾರಲ್ಲ" ಅಂದ.

ಆಸ್ಪತ್ರೆಯಲ್ಲಿ ಕೊಡುವುದು ನಿಜ. ಮೆಫೆಂಟರ್ಮಿನ್ ಅಂತ ಅದರ ಹೆಸರು. ಬೆನ್ನಿಗೆ ಅರಿವಳಿಕೆ ಕೊಟ್ಟು ಆಪರೇಷನ್ ಮಾಡುವಾಗ ಕೆಲವರಿಗೆ ಬಿಪಿ ಕುಸಿಯುತ್ತದೆ. ಅದನ್ನು ಎತ್ತಲು ಆಪರೇಷನ್ ಥಿಯೇಟರ್‌ನಲ್ಲಿ, ಮಾನಿಟರ್ ನೋಡುತ್ತಾ, ಲೆಕ್ಕ ಹಾಕಿ ಕೊಡುವ ಔಷಧಿ ಅದು. ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೆ ಅದರ ರಾಸಾಯನಿಕ ರಚನೆ ಆಂಫೆಟಮೈನ್ ಕುಟುಂಬದ್ದು. ಮೈಯಲ್ಲಿ ನಾರ್‌ಅಡ್ರಿನಲಿನ್ ಹೊರಹಾಕಿಸುತ್ತದೆ, ಎದೆ ಬಡಿತ ಏರಿಸುತ್ತದೆ, ಮೆದುಳಿಗೂ ಹೋಗಿ ಹಸಿವು ನಿದ್ದೆ ಎರಡನ್ನೂ ಹಿಂದಕ್ಕೆ ತಳ್ಳುತ್ತದೆ. ಕ್ರೀಡಾಪಟುಗಳು ಇದನ್ನು ಬಳಸಬಾರದು ಎಂದು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧ ಪಟ್ಟಿಯಲ್ಲೇ ಇದೆ. ನಮ್ಮ ದೇಶದ ಜಿಮ್‌ಗಳಲ್ಲಿ ಇದರ ದುರ್ಬಳಕೆ, ಅದರಿಂದ ಚಟ, ಭ್ರಮೆ ಬಂದವರ ಬಗ್ಗೆ ಭಾರತದ ಮನೋವೈದ್ಯರು ಹಲವು ಸಲ ಬರೆದಿದ್ದಾರೆ. ನಮಗೆ ಇದು ಹೊಸದೇನಲ್ಲ. ಅಪ್ಪ ಅವ್ವಂದಿರಿಗೆ ಹೊಸದು.

ನಾಲ್ಕು ಜನ ಹುಡುಗರು ಸೇರಿ ತರಿಸುತ್ತಿದ್ದರು. ಎರಡು ತಿಂಗಳ ಹಿಂದೆ ವಾರಕ್ಕೊಮ್ಮೆ ಇದ್ದದ್ದು ದಿನಕ್ಕೊಂದಾಯಿತು. ಮೊದಲಿನ ಜೋರು ಬರುವುದಿಲ್ಲ ಅಂತ ಅಳತೆ ಏರಿತು. ಕೊನೆಯ ವಾರ ಓಟಕ್ಕೆ ಮುಂಚೆ ಒಂದು ಸಲ, ರಾತ್ರಿ ಭಟ್ಟಿಗೆ ಕೂರುವ ಮುಂಚೆ ಇನ್ನೊಂದು ಸಲ. ಸಿರಿಂಜ್ ಕೂಡ ಹಂಚಿಕೊಂಡಿದ್ದರು. ಇದನ್ನು ಕೇಳಿದ ತಕ್ಷಣ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಪರೀಕ್ಷೆಗೂ ರಕ್ತ ಹೋಯಿತು. ಮೂರೂ ನೆಗೆಟಿವ್ ಬಂತು. ಸೋಂಕು ತಗುಲಿದ ಹೊಸತರಲ್ಲಿ ಪರೀಕ್ಷೆಗೆ ಸಿಗದೆ ಇರಬಹುದು, ಹಾಗಾಗಿ ಮೂರು ತಿಂಗಳ ಮೇಲೆ ಇನ್ನೊಮ್ಮೆ ಮಾಡಿಸಬೇಕು ಎಂದು ಚೀಟಿಯಲ್ಲಿ ಬರೆದರು.

ಎಚ್ಚರವಾಗಿದ್ದಷ್ಟು ಹೊತ್ತು ಮೆದುಳಿನಲ್ಲಿ ಅಡಿನೋಸಿನ್ ಅನ್ನುವ ಪದಾರ್ಥ ಕೂಡುತ್ತಾ ಹೋಗುತ್ತದೆ. ಅದು ಜಾಸ್ತಿ ಆದಷ್ಟೂ ನಿದ್ದೆಯ ಒತ್ತಡ ಜಾಸ್ತಿ. ಮಲಗಿದರೆ ಮಾತ್ರ ಇಳಿಯುತ್ತದೆ. ಉತ್ತೇಜಕ ಔಷಧಿ ಈ ಒತ್ತಡ ಗೊತ್ತಾಗದ ಹಾಗೆ ಮಾಡುತ್ತದೆ, ಇಳಿಸುವುದಿಲ್ಲ. ಮೀಟರ್ ಮೇಲೆ ಬಟ್ಟೆ ಹಾಕಿದರೆ ಕರೆಂಟ್ ಬಿಲ್ ಕಮ್ಮಿ ಆಗುತ್ತಾ? ಹುಡುಗನ ಅಕ್ಕನಿಗೆ ನಾನು ಹೇಳಿದ್ದು ಹೀಗೇ.

ರಾತ್ರಿಯಿಂದ ರಾತ್ರಿಗೆ

ಭ್ರಮೆ ಒಂದೇ ಏಟಿಗೆ ಬರಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಬಂತು. ಚೇತರಿಸಿಕೊಂಡ ಮೇಲೆ ಹುಡುಗ ತಾನೇ ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶುಕ್ರವಾರ ರಾತ್ರಿ ಬರೀ ಕಣ್ಣಿನ ತೊಂದರೆ. ಬಲ್ಬಿನ ಸುತ್ತ ಬಣ್ಣದ ಬಳೆ. ಪುಸ್ತಕದ ಸಾಲುಗಳು ಉಸಿರಾಡಿದ ಹಾಗೆ ಹಿಗ್ಗಿ ಕುಗ್ಗುತ್ತಿದ್ದವು. ಶನಿವಾರ ರಾತ್ರಿ ಮೂರೂವರೆ ಹೊತ್ತಿಗೆ, ಒಬ್ಬನೇ ಒಲೆ ಮುಂದೆ ಇದ್ದಾಗ, ಚೀಲದ ಸಾಲಿನ ಕೊನೆಯಲ್ಲಿ ಒಬ್ಬ ಕುಳ್ಳ ಮನುಷ್ಯ ಕುಕ್ಕರುಗಾಲಲ್ಲಿ ಕೂತಿದ್ದ. ನೆಟ್ಟಗೆ ನೋಡಿದರೆ ಖಾಲಿ ಚೀಲದ ಗಂಟು. ಕಣ್ಣು ತಿರುಗಿಸಿದರೆ ಮತ್ತೆ ಮನುಷ್ಯ. ಹುಡುಗನಿಗೆ ಆಗ ಭಯ ಆಗಲಿಲ್ಲ, ನಗು ಬಂತಂತೆ. ತನಗೆ ನಿದ್ದೆ ಕಮ್ಮಿಯಾಗಿದೆ ಅಂತ ಗೊತ್ತಿತ್ತು.

ಭಾನುವಾರ ರಾತ್ರಿ ಕಿವಿಗೆ ಬಂತು. ಬಿಸಿ ಮರಳಿನಲ್ಲಿ ಅಕ್ಕಿ ಸಿಡಿಯುವ ಚಟಪಟ ಸದ್ದಿನೊಳಗಿಂದ ಅವನ ಹೆಸರು ಕೇಳತೊಡಗಿತು. ಅಕ್ಕಿ ಸುರಿದಾಗ ಹೆಸರು, ಜರಡಿ ಎತ್ತಿದಾಗ ಸುಮ್ಮನೆ. ಎರಡು ಮೂರು ಬಾಣಲೆ ಆದ ಮೇಲೆ ಹೆಸರಿನ ಜೊತೆ ಬೈಗುಳವೂ ಸೇರಿತು. ಬೆಳಿಗ್ಗೆ ಒಲೆ ಆರಿಸಿದರೂ ದನಿ ನಿಲ್ಲಲಿಲ್ಲ. ಮೈದಾನದಲ್ಲಿ ಓಡುವಾಗ ಹಿಂದಿನಿಂದ ಬಂತು. ಅದು ತನ್ನ ತಲೆಯೊಳಗಿನ ಸದ್ದು ಅಂತ ಅನಿಸುವುದು ಆ ಹೊತ್ತಿಗೆ ನಿಂತುಹೋಗಿತ್ತು.

ಸೋಮವಾರ ಹುಳ. ಸೋಮವಾರ ರಾತ್ರಿಯೇ ಕ್ಯಾಮೆರಾ. ಜಿಮ್‌ನವರು ಪೊಲೀಸರಿಗೆ ಹೇಳಿದ್ದಾರೆ, ಕೆಲಸ ಕೊಡುವ ಬದಲು ಹಿಡಿದುಕೊಂಡು ಹೋಗುತ್ತಾರೆ ಎನ್ನುವ ನಂಬಿಕೆ. ಕಬ್ಬಿಣದ ಸಲಾಕೆ ಹಿಡಿದು ಹೊಟ್ಟಿನ ರಾಶಿಯನ್ನು ಬೆಳಗಿನವರೆಗೆ ಕೆದಕಿದ. ಅವತ್ತು ಲೆಕ್ಕದ ಪುಸ್ತಕದಲ್ಲಿ ಚೀಲದ ಜಾಗ ಖಾಲಿ.

ಈ ಏಣಿ ಅವನೊಬ್ಬನದಲ್ಲ. ನಿದ್ದೆಗೆಟ್ಟಾಗ ಏನಾಗುತ್ತದೆ ಎಂಬ 21 ಅಧ್ಯಯನಗಳನ್ನು 2018ರಲ್ಲಿ ಒಟ್ಟಿಗೆ ಇಟ್ಟು ನೋಡಿದವರಿಗೆ ಇದೇ ಕ್ರಮ ಕಂಡಿತ್ತು. ಒಂದೆರಡು ದಿನದಲ್ಲಿ ಕಾಣುವುದು ಓರೆಕೋರೆ ಆಗುತ್ತದೆ. ಆಮೇಲೆ ಇಲ್ಲದ್ದು ಕಾಣುತ್ತದೆ. ಮೂರನೇ ದಿನದ ಹೊತ್ತಿಗೆ ಕಣ್ಣು, ಕಿವಿ, ಚರ್ಮ ಎಲ್ಲಕ್ಕೂ ಹರಡುತ್ತದೆ. ಐದನೇ ದಿನದ ಹೊತ್ತಿಗೆ ಹೊರಗಿನಿಂದ ನೋಡಿದವರಿಗೆ ತೀವ್ರ ಮನೋರೋಗದ ಹಾಗೇ ಕಾಣುತ್ತದೆ. ಔಷಧಿ ಇಲ್ಲದೆಯೂ ಇಷ್ಟು ಆಗುತ್ತದೆ.

ಔಷಧಿ ಸೇರಿದರೆ? 1958ರಲ್ಲಿ ಲಂಡನ್ನಿನ ಮನೋವೈದ್ಯ ಫಿಲಿಪ್ ಕಾನೆಲ್ ಆಂಫೆಟಮೈನ್ ತೆಗೆದುಕೊಂಡು ಭ್ರಮೆಗೆ ಒಳಗಾದ 42 ಜನರ ಬಗ್ಗೆ ಬರೆದರು. ತನ್ನ ಹಿಂದೆ ಬಿದ್ದಿದ್ದಾರೆ ಎನ್ನುವ ಸಂಶಯ, ದನಿಗಳು, ಆದರೆ ಹೊತ್ತು ಗೊತ್ತು ತಪ್ಪಿಲ್ಲ. ಭ್ರಮೆ, ಸಂಶಯ ಬಹಳ ಕಾಲ ಕಾಡುವ ಸ್ಕಿಜೋಫ್ರೇನಿಯಾ ಎಂಬ ಮನೋರೋಗದಿಂದ ಬೇರೆ ಮಾಡಿ ಗುರುತಿಸುವುದೇ ಕಷ್ಟ. ನಮ್ಮ ಹುಡುಗ ಆ ಪುಟಗಳಿಂದ ಎದ್ದು ಬಂದ ಹಾಗಿದ್ದ.

ಇನ್ನೊಂದು ಜೋಡಿ ಕಥೆ ನನಗೆ ಯಾವಾಗಲೂ ನೆನಪಾಗುತ್ತದೆ. ಅಮೆರಿಕದ ರೇಡಿಯೋ ನಿರೂಪಕ ಪೀಟರ್ ಟ್ರಿಪ್ 1959ರಲ್ಲಿ ದೇಣಿಗೆ ಸಂಗ್ರಹಕ್ಕೆ 201 ಗಂಟೆ ಎಚ್ಚರವಿದ್ದ. ಕೊನೆಯ ದಿನಗಳಲ್ಲಿ ಉತ್ತೇಜಕ ಔಷಧಿಯೂ ಕೊಟ್ಟಿದ್ದರು. ಅವನಿಗೆ ಶೂ ಒಳಗೆ ಜೇಡರ ಬಲೆ ಕಂಡಿತು, ನೋಡಲು ಬಂದ ಡಾಕ್ಟರ್ ತನ್ನ ಹೆಣ ಒಯ್ಯಲು ಬಂದವನು ಅನಿಸಿತು. 1963ರ ಡಿಸೆಂಬರ್ ಕೊನೆಯಿಂದ 1964ರ ಜನವರಿಯವರೆಗೆ ರ‍್ಯಾಂಡಿ ಗಾರ್ಡ್‌ನರ್ ಎಂಬ 17 ವರ್ಷದ ಹುಡುಗ ಅಂಥ ಔಷಧಿ ಇಲ್ಲದೆ 264 ಗಂಟೆ ಎಚ್ಚರವಿದ್ದ. ಅವನಿಗೂ ರಸ್ತೆಯ ಬೋರ್ಡು ಮನುಷ್ಯನ ಥರ ಕಂಡದ್ದುಂಟು. ಆದರೆ ಟ್ರಿಪ್‌ಗೆ ಆದಷ್ಟು ಕೆಡಲಿಲ್ಲ. ಇಬ್ಬರ ವಯಸ್ಸು ಬೇರೆ, ಪರಿಸ್ಥಿತಿ ಬೇರೆ. ಅದರಿಂದ ಏನನ್ನೂ ಸಾಬೀತು ಮಾಡಲಾಗಲ್ಲ. ಆದರೂ ಔಷಧಿಯೂ ನಿದ್ದೆಗೇಡೂ ಒಂದರ ಬೆನ್ನಿಗೆ ಒಂದು ನಿಂತಾಗ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎನ್ನುವುದಕ್ಕೆ ಟ್ರಿಪ್ ನೆನಪಾಗುತ್ತಾನೆ. ಗಿನ್ನೆಸ್‌ನವರೂ ಈ ದಾಖಲೆಯನ್ನು ಅಪಾಯ ಅಂತ ಕೈಬಿಟ್ಟಿದ್ದಾರೆ.

ಹುಡುಗನಲ್ಲಿ ಯಾವುದು ಎಷ್ಟು ಮಾಡಿತು? ಕುಳ್ಳ ಮನುಷ್ಯ ನಿದ್ದೆಗೇಡಿನ ಲೆಕ್ಕಕ್ಕೆ, ಹುಳ ಇಂಜೆಕ್ಷನ್ನಿನ ಲೆಕ್ಕಕ್ಕೆ ಅಂತ ಬೇಕಾದರೆ ಹಂಚಬಹುದು. ಡಾಕ್ಟರ್ ಹಾಗೆ ಹಂಚಲು ಒಪ್ಪಲಿಲ್ಲ. ಇಂಜೆಕ್ಷನ್ ಇಲ್ಲದಿದ್ದರೆ ಐದು ರಾತ್ರಿ ಕೂರಲಾಗುತ್ತಿರಲಿಲ್ಲ. ಐದು ರಾತ್ರಿ ಕೂರದಿದ್ದರೆ ಎರಡೆರಡು ಸಲ ಚುಚ್ಚಿಕೊಳ್ಳುತ್ತಿರಲಿಲ್ಲ. ನನಗೂ ಇದೇ ಸರಿ ಅನಿಸುತ್ತದೆ.

ನಿದ್ದೆ ಮಾಡಿಸಿದ್ದು

ಮೂಲೆಯ ಕೋಣೆ ಕೊಟ್ಟರು. ದೊಡ್ಡ ಲೈಟು ಆರಿಸಿದರು. ಕೈಕಾಲು ಕಟ್ಟಲಿಲ್ಲ. ಉತ್ತೇಜಕ ಏರಿದವನನ್ನು ಕಟ್ಟಿ ಹಾಕಿದರೆ ಗುದ್ದಾಡುತ್ತಾನೆ, ಮೈ ಬಿಸಿ ಏರುತ್ತದೆ, ಸ್ನಾಯು ಒಡೆದು ಕಿಡ್ನಿಗೆ ಪೆಟ್ಟು ಬೀಳಬಹುದು. ಇವನ ರಕ್ತದಲ್ಲಿ ಸ್ನಾಯು ಸವೆತದ ಅಂಶ ಆಗಲೇ ಸ್ವಲ್ಪ ಏರಿತ್ತು. ಕಿಡ್ನಿ ಸರಿ ಇತ್ತು. ಡ್ರಿಪ್ ಹಾಕಿದರು. ಶಾಂತವಾಗಲು ಲೊರಾಜೆಪಾಮ್ ಕೊಟ್ಟರು. ನಾಡಿ, ಬಿಪಿ, ಜ್ವರ ಆಗಾಗ ನೋಡುತ್ತಿದ್ದರು.

ಪಕ್ಕದಲ್ಲಿ ಅಕ್ಕ ಕೂತಳು. ಯಾರೂ ಹೇಳಿಕೊಡದಿದ್ದರೂ ಅವಳು ಸರಿಯಾದದ್ದನ್ನೇ ಮಾಡುತ್ತಿದ್ದಳು. "ಕ್ಯಾಮೆರಾ ಐತಾ ಇಲ್ವಾ ಹೇಳಕ್ಕ" ಎಂದು ಅವನು ಕೇಳಿದರೆ, ಇದೆ ಅನ್ನಲಿಲ್ಲ, ನಿನಗೆ ಹುಚ್ಚು ಅನ್ನಲಿಲ್ಲ. "ನನಗೆ ಕಾಣ್ತಿಲ್ಲ ತಮ್ಮ. ನಿನಗೆ ಹೆದರಿಕೆ ಆಗೈತಿ ಅಂತ ಗೊತ್ತಾಗ್ತೈತಿ. ನಾನು ಇಲ್ಲೇ ಇರ್ತೀನಿ" ಎಂದಳು. ಅವ್ವ ಫ್ಲಾಸ್ಕಿನಲ್ಲಿ ಚಹಾ ತಂದಿದ್ದರು. ಅದನ್ನು ಮಾತ್ರ ನಾವು ಇಸಿದುಕೊಂಡೆವು.

ಮಧ್ಯರಾತ್ರಿ ದಾಟಿದ ಮೇಲೆ ಮಲಗಿದ. ಬುಧವಾರ ಇಡೀ ಹಗಲು ಮಲಗಿದ್ದ. ದೈಹಿಕ ಪರೀಕ್ಷೆ ಇದ್ದದ್ದು ಅದೇ ಬುಧವಾರ ಬೆಳಿಗ್ಗೆ. ಎಬ್ಬಿಸಲಾ ಎಂದು ಅಪ್ಪ ಕೋಣೆಯವರೆಗೆ ಬಂದು ಕೇಳಿದರು. ಅಕ್ಕ ಬಾಗಿಲಲ್ಲೇ ನಿಂತು ಬೇಡ ಎಂದಳು.

ಸಂಜೆ ಎದ್ದು ಅನ್ನ ಸಾರು ಉಂಡು ಮತ್ತೆ ಮಲಗಿದ. ಗುರುವಾರ ಬೆಳಿಗ್ಗೆ ಎದ್ದಾಗ ಹುಳ ಇರಲಿಲ್ಲ, ನೆರಳುಗಳೂ ಇರಲಿಲ್ಲ. ಬೆಂಕಿಪೊಟ್ಟಣ ತೆರೆದು ನೋಡಿ, "ಇದು ಹೊಟ್ಟು" ಎಂದು ತಾನೇ ಹೇಳಿ ಕಸದ ಬುಟ್ಟಿಗೆ ಹಾಕಿದ. ದನಿ ಮಾತ್ರ ಪೂರ್ತಿ ಹೋಗಲಿಲ್ಲ. ದೂರದಲ್ಲಿ, ಕಮ್ಮಿ ದನಿಯಲ್ಲಿ ಇತ್ತು. ಸಂಶಯವೂ ಉಳಿದಿತ್ತು. ವಾರ್ಡ್ ಬಾಯ್ ಫೋನ್ ತೆಗೆದರೆ ತನ್ನ ಫೋಟೋ ತೆಗೆಯುತ್ತಿದ್ದಾನಾ ಅಂತ ನೋಡುತ್ತಿದ್ದ. ಡಾಕ್ಟರ್ ಸ್ವಲ್ಪ ಪ್ರಮಾಣದಲ್ಲಿ ಒಲಾಂಜಪಿನ್ ಎಂಬ, ಭ್ರಮೆ ಇಳಿಸುವ ಮಾತ್ರೆ ಶುರು ಮಾಡಿದರು. ದನಿ ಒಂದು ವಾರದೊಳಗೆ ನಿಂತಿತು. ಸಂಶಯ ಇಳಿಯಲು ಇನ್ನೂ ಸ್ವಲ್ಪ ದಿನ ಹಿಡಿಯಿತು.

ಶುಕ್ರವಾರದ ದಿನ ಬೇರೆಯೇ ಹುಡುಗ. ಮಾತಿಲ್ಲ, ಊಟ ಇಲ್ಲ, ಗೋಡೆ ಕಡೆ ಮುಖ. ಉತ್ತೇಜಕ ಇಳಿದ ಮೇಲೆ ಮನಸ್ಸು ಹೀಗೆ ಕುಸಿಯುತ್ತದೆ. ಗಲಾಟೆ ನಿಂತಿತು, ಮನೆಗೆ ಕಳಿಸಿ ಅಂತ ಮನೆಯವರು ಕೇಳುವುದೂ ಇದೇ ಹೊತ್ತಿಗೆ. ನನ್ನ ಪ್ರಕಾರ ಜಾಸ್ತಿ ಹುಷಾರಾಗಿರಬೇಕಾದ ದಿನಗಳು ಇವು. ಸಾಯಬೇಕು ಅನಿಸುತ್ತಾ ಅಂತ ನೇರವಾಗಿಯೇ ಕೇಳಿದೆ. ಪರೀಕ್ಷೆ ತಪ್ಪಿದ್ದು ನೆನೆಸಿಕೊಂಡಾಗ ಅನಿಸುತ್ತೆ ಎಂದ. ಹಾಗೆ ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎಂದು ಹಲವರು ಹೆದರುತ್ತಾರೆ. ಹಾಗೇನೂ ಆಗಲ್ಲ, ಹೇಳಿಕೊಳ್ಳಲು ದಾರಿ ಸಿಗುತ್ತದೆ. ಅವನನ್ನು ಒಬ್ಬನೇ ಬಿಡದ ಹಾಗೆ ಪಾಳಿ ಮಾಡಿಕೊಂಡೆವು. ಮನೆಗೆ ಹೋಗುವಾಗ ಟೆಲಿ ಮಾನಸ್ ಸಹಾಯವಾಣಿಯ 14416 ನಂಬರನ್ನು ಅಕ್ಕನ ಫೋನಿನಲ್ಲಿ ಹಾಕಿಕೊಟ್ಟೆ. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಉಳಿದ ಪ್ರಶ್ನೆಗಳು

ಹುಡುಗನ ಪ್ರಶ್ನೆ ಒಂದೇ. "ಮುಂದೆ ಪೊಲೀಸ್ ವೆರಿಫಿಕೇಷನ್‌ಗೆ ಇದೆಲ್ಲ ಗೊತ್ತಾಗುತ್ತಾ?" 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಚಿಕಿತ್ಸೆಯ ವಿಷಯ ಗೋಪ್ಯವಾಗಿಡುವುದು ರೋಗಿಯ ಹಕ್ಕು. ಕಾಯ್ದೆಯೇ ಹೇಳಿದ ಕೆಲವು ಸಂದರ್ಭ ಬಿಟ್ಟರೆ ಆಸ್ಪತ್ರೆ ಯಾರಿಗೂ ಹೇಳುವಂತಿಲ್ಲ. ಅದನ್ನು ಓದಿ ಹೇಳಿದ ಮೇಲೆಯೇ ಅವನು ಇಂಜೆಕ್ಷನ್ ಬಗ್ಗೆ ಪೂರ್ತಿ ಹೇಳಿದ್ದು.

ಅವ್ವನ ಪ್ರಶ್ನೆ ಅಣ್ಣನ ಬಗ್ಗೆ. ಇವನಿಗೂ ಹಾಗಾಗುತ್ತದಾ? ಡಾಕ್ಟರ್ ಸುಮ್ನೆ ಧೈರ್ಯ ಹೇಳಿ ಕಳಿಸಲಿಲ್ಲ. ಇಂಜೆಕ್ಷನ್ ಬಿಟ್ಟು ನಿದ್ದೆ ಮಾಡಿದ ಮೇಲೆ ಬೇಗ ಸರಿಹೋದದ್ದು ಒಳ್ಳೆಯ ಲಕ್ಷಣ. ಒಂದು ತಿಂಗಳಾದರೂ ದನಿ, ಸಂಶಯ ಉಳಿದಿದ್ದರೆ ಬೇರೆ ಥರ ಯೋಚಿಸಬೇಕಾಗುತ್ತಿತ್ತು. ಆದರೆ ಆಂಫೆಟಮೈನ್‌ನಿಂದ ಇಂಥ ಭ್ರಮೆ ಬಂದವರಲ್ಲಿ ಸುಮಾರು 22% ಜನರಿಗೆ ಮುಂದೆ ಸ್ಕಿಜೋಫ್ರೇನಿಯಾ ಎಂದು ಗೊತ್ತಾಗಿದೆ ಎಂದು ಹಲವು ಅಧ್ಯಯನಗಳನ್ನು ಸೇರಿಸಿ ನೋಡಿದ 2020ರ ವರದಿ ಹೇಳುತ್ತದೆ. ಮನೆತನದಲ್ಲಿ ಅಂಥವರಿದ್ದರೆ ಇನ್ನೂ ಹುಷಾರಾಗಿರಬೇಕು. ಅದಕ್ಕೇ ಅವನನ್ನು ಒಂದೆರಡು ವರ್ಷವಾದರೂ ಆಗಾಗ ಬರಲು ಹೇಳಿದ್ದಾರೆ. "ಐದರಲ್ಲಿ ನಾಲ್ಕು ಜನಕ್ಕೆ ಬರಲ್ಲ ಅಲ್ವಾ?" ಅಂದರು ಅವ್ವ. ಲೆಕ್ಕ ಸರಿಯಾಗಿಯೇ ಮಾಡಿದ್ದರು.

ಅಪ್ಪನ ಜೊತೆ ಮಾತು ಕಷ್ಟವಾಯಿತು. ಅವರಿಗೆ ಇಂಜೆಕ್ಷನ್ ಬಗ್ಗೆ ಸಿಟ್ಟಿತ್ತು, ನಿದ್ದೆಯ ಬಗ್ಗೆ ಇರಲಿಲ್ಲ. "ನಾನೂ ಅವನ ವಯಸ್ಸಲ್ಲಿ ರಾತ್ರಿ ಎಲ್ಲ ಭಟ್ಟಿ ಮುಂದೆ ಕೂತೋನೇ" ಅಂದರು. ಕೂತಿದ್ದೀರಿ, ಹಗಲು ಎಷ್ಟು ಹೊತ್ತು ಮಲಗುತ್ತಿದ್ದಿರಿ ಎಂದು ಕೇಳಿದೆ. "ಉಂಡು ಬಿದ್ದರೆ ಸಂಜೆಗೇ ಏಳೋದು" ಎಂದರು. ಆಮೇಲೆ ಸುಮ್ಮನಾದರು. ನಮ್ಮ ಮನೆಗಳಲ್ಲಿ ನಿದ್ದೆಗೆಟ್ಟು ದುಡಿಯುವವನಿಗೆ, ನಿದ್ದೆಗೆಟ್ಟು ಓದುವವನಿಗೆ ಸಿಗುವ ಹೊಗಳಿಕೆ ನನಗೆ ಹಿಡಿಸಲ್ಲ. ಆ ಪೆನ್ಸಿಲ್ ಟಿಕ್ ಅಕ್ಕ ಪ್ರೀತಿಯಿಂದಲೇ ಹಾಕಿದ್ದು. ಆದರೆ ಒಬ್ಬನೇ ಇಬ್ಬರ ಕೆಲಸ ಮಾಡಿದ ಆ ರಾತ್ರಿ ಮನೆಯಲ್ಲಿ ಯಾರಾದರೂ "ಇದು ಹೆಂಗಾಯ್ತು?" ಅಂತ ಕೇಳಿದ್ದರೆ ಭಾನುವಾರಕ್ಕೆ ಮುಂಚೆಯೇ ವಿಷಯ ಹೊರಬೀಳುತ್ತಿತ್ತು.

ಈಗ ಭಟ್ಟಿಗೆ ಇನ್ನೊಬ್ಬ ಆಳು ಇದ್ದಾನೆ. ಹುಡುಗನಿಗೆ ವಾರಕ್ಕೆ ಎರಡು ಪಾಳಿ ಮಾತ್ರ, ಅದೂ ಮಾರನೇ ದಿನ ಕೋಚಿಂಗ್ ಇಲ್ಲದಿದ್ದರೆ. ಲೆಕ್ಕದ ಪುಸ್ತಕದಲ್ಲಿ ಅಕ್ಕ ಹೊಸದೊಂದು ಕಾಲಂ ಎಳೆದಿದ್ದಾಳೆ, ತಮ್ಮ ಎಷ್ಟು ಗಂಟೆ ಮಲಗಿದ ಅಂತ. ಒಲಾಂಜಪಿನ್ನನ್ನು ಡಾಕ್ಟರ್ ಕೆಲವು ತಿಂಗಳಲ್ಲಿ ನಿಧಾನವಾಗಿ ಇಳಿಸಿ ನಿಲ್ಲಿಸಿದರು. ರಕ್ತದ ಎರಡನೇ ಪರೀಕ್ಷೆಯೂ ನೆಗೆಟಿವ್. ಇಂಜೆಕ್ಷನ್ ಮತ್ತೆ ಮುಟ್ಟಿಲ್ಲ ಎನ್ನುತ್ತಾನೆ, ತೋಳಲ್ಲೂ ಹೊಸ ಗುರುತಿಲ್ಲ. ಒಮ್ಮೆ ಭಟ್ಟಿಯಲ್ಲಿ ಅಕ್ಕಿ ಸಿಡಿಯುವಾಗ ಹೆಸರು ಕೇಳಿದ ಹಾಗಾಯಿತಂತೆ. ಎದ್ದು ಹೋಗಿ ಮಲಗಿದ್ದಾನೆ. ಬೆಳಿಗ್ಗೆ ಇರಲಿಲ್ಲ.

1600 ಮೀಟರ್ ಈಗ 6 ನಿಮಿಷ 50 ಸೆಕೆಂಡಿಗೆ ಬಂದಿದೆ. ಮುಂದಿನ ನೇಮಕಾತಿಗೆ ಇನ್ನೂ 20 ಸೆಕೆಂಡು ಇಳಿಯಬೇಕು.

ಸಿರಿಂಜ್ ಹಂಚಿಕೊಂಡ ಉಳಿದ ಮೂವರಲ್ಲಿ ಬಾಗಿಲ ಹತ್ತಿರ ನಿಂತಿದ್ದ ಗೆಳೆಯ ಬಂದು ರಕ್ತ ಪರೀಕ್ಷೆ ಮಾಡಿಸಿಕೊಂಡ. ಇನ್ನಿಬ್ಬರು ಬಂದಿಲ್ಲ. ಫೋನ್ ಮಾಡಿದರೆ ಎತ್ತುತ್ತಾರೆ, "ನಾಳೆ ಬರ್ತೀವಿ ಮೇಡಂ" ಅಂತಾರೆ.